ಕರ್ನಾಟಕದ ಘನತ್ಯಾಜ್ಯ ನಿರ್ವಹಣೆ: ಮೇಲ್ವಿಚಾರಣೆ ಮತ್ತು ಅನುದಾನ

ಮನೆಮನೆಯ ಕಸವನ್ನು ಸಂಗ್ರಹಿಸಿ, ಸಾಗಿಸಿ, ಸಂಸ್ಕರಿಸಿ, ಉಳಿದದ್ದನ್ನು ವಿಲೇವಾರಿ ಮಾಡುವುದು ಕರ್ನಾಟಕದಲ್ಲಿ ಮಹಾನಗರ ಪಾಲಿಕೆ, ನಗರಸಭೆ, ಪುರಸಭೆ, ಪಟ್ಟಣ ಪಂಚಾಯಿತಿ ಮತ್ತು ಗ್ರಾಮ ಪಂಚಾಯಿತಿಗಳ ಹೊಣೆ. ಈ ಕೆಲಸದ ಮೇಲೆ ಕಣ್ಣಿಡುವ ಅಧಿಕಾರ ಜಿಲ್ಲಾಧಿಕಾರಿ, ಪೌರಾಡಳಿತ ನಿರ್ದೇಶನಾಲಯ ಮತ್ತು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ನಡುವೆ ಹಂಚಿಹೋಗಿದೆ. ಹಣ ಬೇರೆ ದಾರಿಗಳಿಂದ ಬರುತ್ತದೆ: ಕೇಂದ್ರ ಹಣಕಾಸು ಆಯೋಗದ ಅನುದಾನ, ಸ್ವಚ್ಛ ಭಾರತ್ ಮಿಷನ್, ರಾಜ್ಯ ಹಣಕಾಸು ಆಯೋಗದ ಶಿಫಾರಸಿನಂತೆ ಸಿಗುವ ಎಸ್‌ಎಫ್‌ಸಿ ನಿಧಿ, ಸ್ಥಳೀಯ ತೆರಿಗೆ. ಪರಿಸರ ಕಾನೂನಿನಡಿ ನೋಟಿಸ್ ಕೊಡುವ ಮಂಡಳಿಯ ಕೈಯಲ್ಲಿ ಹಣವಿಲ್ಲ. ಹಣ ಬಿಡುಗಡೆ ಮಾಡುವ ಇಲಾಖೆಗೆ ಆ ಕಾನೂನಿನ ಅಧಿಕಾರವಿಲ್ಲ. ಈ ಅಂತರವನ್ನು ಸ್ವಲ್ಪಮಟ್ಟಿಗಾದರೂ ತುಂಬಿರುವುದು ಅನುದಾನದ ಕಂತುಗಳಿಗೆ ಹಾಕಿದ ಷರತ್ತುಗಳು ಎನ್ನಬಹುದು.

ಹಿನ್ನೆಲೆ

ಪ್ಲಾಸ್ಟಿಕ್ ಹೆಚ್ಚುವ ಮೊದಲು ಊರಿನ ಕಸ ರೈತರಿಗೆ ಬೇಕಾದ ವಸ್ತುವಾಗಿತ್ತು. ಹುಬ್ಬಳ್ಳಿ-ಧಾರವಾಡದಲ್ಲಿ ಪಾಲಿಕೆಯ ಗುಂಡಿಗಳಲ್ಲಿ ಕೊಳೆತ ಕಸವನ್ನು ಹರಾಜು ಹಾಕುತ್ತಿದ್ದರು. ಸುತ್ತಲಿನ ಹಳ್ಳಿಗಳ ರೈತರು ಅದನ್ನು ಕೊಂಡು ಹೊಲಕ್ಕೆ ಒಯ್ಯುತ್ತಿದ್ದರು. ಗಾಜು, ಪ್ಲಾಸ್ಟಿಕ್ ಬೆರೆಯುತ್ತ ಹೋದಂತೆ ಹರಾಜು ಕೂಗುವವರು ಕಡಿಮೆಯಾದರು. ಬೆಂಗಳೂರಿನ ಕಸದಿಂದ ಗೊಬ್ಬರ ತಯಾರಿಸಲು 1975ರಲ್ಲಿ ಕರ್ನಾಟಕ ಕಾಂಪೋಸ್ಟ್ ಅಭಿವೃದ್ಧಿ ನಿಗಮ ಸ್ಥಾಪನೆಯಾಯಿತು. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ ಅದಕ್ಕೂ ಒಂದು ವರ್ಷ ಮೊದಲೇ, 1974ರಲ್ಲಿ, ಅಸ್ತಿತ್ವಕ್ಕೆ ಬಂದಿತ್ತು. ಆದರೆ ಅದರ ಗಮನವಿದ್ದದ್ದು ಕಾರ್ಖಾನೆಗಳ ಕೊಳಚೆ ನೀರಿನ ಮೇಲೆ. ಬೀದಿಯ ಕಸ ಮಾಲಿನ್ಯದ ಪಟ್ಟಿಗೆ ಸೇರಲು ಇನ್ನೂ ಸುಮಾರು 25 ವರ್ಷ ಹಿಡಿಯಿತು.

1992ರ 74ನೇ ಸಂವಿಧಾನ ತಿದ್ದುಪಡಿ ಘನತ್ಯಾಜ್ಯ ನಿರ್ವಹಣೆಯನ್ನು 12ನೇ ಅನುಸೂಚಿಯಲ್ಲಿ ನಗರ ಸಂಸ್ಥೆಗಳ ಕೆಲಸವೆಂದು ಹೆಸರಿಸಿತು. ನಗರ ಸಂಸ್ಥೆಗಳ ಹಣಕಾಸು ರಾಜ್ಯ ಹಣಕಾಸು ಆಯೋಗಗಳ ವ್ಯಾಪ್ತಿಗೆ ಬಂದದ್ದೂ ಅದೇ ತಿದ್ದುಪಡಿಯಿಂದ. ಬೆಂಗಳೂರು ನಿವಾಸಿ ಅಲ್ಮಿತ್ರಾ ಪಟೇಲ್ 1996ರಲ್ಲಿ ಸುಪ್ರೀಂ ಕೋರ್ಟಿಗೆ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹಾಕಿದರು. ಕೋರ್ಟ್ ನೇಮಿಸಿದ ಅಸೀಂ ಬರ್ಮನ್ ಸಮಿತಿ 1999ರಲ್ಲಿ ವರದಿ ಕೊಟ್ಟಿತು. ಮರುವರ್ಷವೇ ಪರಿಸರ ಸಂರಕ್ಷಣಾ ಕಾಯ್ದೆಯಡಿ ದೇಶದ ಮೊದಲ ನಗರ ಘನತ್ಯಾಜ್ಯ ನಿಯಮಗಳು ಬಂದವು. ಸಂಸ್ಕರಣಾ ಘಟಕ ಕಟ್ಟಲು ಅವು ಕೊಟ್ಟ ಗಡುವು 2003ರ ಡಿಸೆಂಬರ್ 31. ಗಡುವು ಹಾಕಿದವರು ಹಣದ ಮಾತೆತ್ತಲಿಲ್ಲ. ಹೆಚ್ಚಿನ ಊರುಗಳಲ್ಲಿ ಘಟಕ ಏಳಲಿಲ್ಲ. 2000ದ ನಿಯಮಗಳ ಸೋಲಿಗೆ ನಿರ್ಲಕ್ಷ್ಯವನ್ನೇ ಕಾರಣವೆನ್ನುವ ರೂಢಿಯಿದೆ. ಕಾನೂನು ಮತ್ತು ಬಜೆಟ್ ಬೇರೆ ಬೇರೆ ಕಡೆ ರೂಪುಗೊಂಡದ್ದೂ ಅಷ್ಟೇ ದೊಡ್ಡ ಕಾರಣವೆಂದು ತೋರುತ್ತದೆ.

2016ರ ಏಪ್ರಿಲ್ 8ರಂದು ಪ್ರಕಟವಾದ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಹಳೆಯವನ್ನು ತೆಗೆದುಹಾಕಿದವು. ಹಸಿ ಕಸ, ಒಣ ಕಸ, ಮನೆಯ ಅಪಾಯಕಾರಿ ಕಸ ಎಂದು ಮೂಲದಲ್ಲೇ ಮೂರು ಬಗೆಯಾಗಿ ವಿಂಗಡಿಸುವುದು ಕಡ್ಡಾಯವಾಯಿತು. ನಾಲ್ಕು ಬಗೆಯ ವಿಂಗಡಣೆ ಮತ್ತು ಕೇಂದ್ರೀಕೃತ ಆನ್‌ಲೈನ್ ಪೋರ್ಟಲ್ ತಂದ 2026ರ ನಿಯಮಗಳ ಜಾರಿಯ ದಿನ ಅದೇ ವರ್ಷದ ಏಪ್ರಿಲ್ 1. ಇಲ್ಲಿ ವಿವರಿಸಿರುವ ರೂಢಿಗಳು ಬಹುಪಾಲು 2016ರ ನಿಯಮಗಳ ಕಾಲದಲ್ಲಿ ಬೆಳೆದವು.

ಮೇಲ್ವಿಚಾರಣೆಯ ಹಂತಗಳು

ಬೆಂಗಳೂರಿನ ಹೊರಗೆ ಆಡಳಿತದ ಹಿಡಿತ ಪೌರಾಡಳಿತ ನಿರ್ದೇಶನಾಲಯದ್ದು. ಜಿಲ್ಲೆಯಲ್ಲಿ ಅದರ ಕೆಲಸ ನಡೆಯುವುದು ಜಿಲ್ಲಾಧಿಕಾರಿ ಕಚೇರಿಯ ಜಿಲ್ಲಾ ನಗರಾಭಿವೃದ್ಧಿ ಕೋಶದ ಮೂಲಕ. ಕೋಶದ ಯೋಜನಾ ನಿರ್ದೇಶಕರ ಮೇಜಿನ ಮೇಲೆ ಪುರಸಭೆಗಳ ಕ್ರಿಯಾ ಯೋಜನೆಗಳು, ಟೆಂಡರ್ ಕಡತಗಳು, ಹಣ ಬಳಕೆ ಪ್ರಮಾಣಪತ್ರಗಳು ಹಾದುಹೋಗುತ್ತವೆ. 2016ರ ನಿಯಮಗಳು ಜಿಲ್ಲಾಧಿಕಾರಿಗೆ ಎರಡು ಹೊಣೆ ಹೊರಿಸಿದವು: ಒಂದು ವರ್ಷದೊಳಗೆ ಘಟಕಕ್ಕೆ ಜಾಗ ಗುರುತಿಸಿ ಕೊಡುವುದು ಮತ್ತು ಮೂರು ತಿಂಗಳಿಗೊಮ್ಮೆಯಾದರೂ ಸ್ಥಳೀಯ ಸಂಸ್ಥೆಗಳ ಪ್ರಗತಿ ಪರಿಶೀಲಿಸುವುದು. ಎರಡರಲ್ಲಿ ಜಾಗ ಹುಡುಕುವುದೇ ಕಷ್ಟದ್ದು. ಭೂಭರ್ತಿ ತಾಣ ನದಿಯಿಂದ 100 ಮೀಟರ್, ಕೆರೆ, ಹೆದ್ದಾರಿ, ಜನವಸತಿ ಮತ್ತು ಕುಡಿಯುವ ನೀರಿನ ಬಾವಿಗಳಿಂದ 200 ಮೀಟರ್ ದೂರವಿರಬೇಕೆಂದು ಆ ನಿಯಮಗಳು ಹೇಳಿದವು. ಬಯಲುಸೀಮೆಯಲ್ಲಿ ಗೋಮಾಳವಾದರೂ ಸಿಗಬಹುದು. ಮನೆಗೊಂದು ಬಾವಿ, ತೋಟಕ್ಕೊಂದು ತೋಡು ಇರುವ ಕರಾವಳಿ ಮತ್ತು ಮಲೆನಾಡಿನಲ್ಲಿ ಈ ಅಳತೆಗೆ ಸರಿಹೋಗುವ ಸರ್ಕಾರಿ ಜಾಗ ಅಪರೂಪ. ಸಿಕ್ಕರೆ ಅದು ಅರಣ್ಯವೋ ಡೀಮ್ಡ್ ಅರಣ್ಯವೋ ಆಗಿರುತ್ತದೆ.

2016ರ ನಿಯಮಗಳಡಿ ದಿನಕ್ಕೆ 5 ಟನ್ನಿಗೂ ಹೆಚ್ಚಿನ ಘಟಕಕ್ಕೆ ಮಾಲಿನ್ಯ ನಿಯಂತ್ರಣ ಮಂಡಳಿಯ ಅಧಿಕೃತ ಅನುಮತಿ ಬೇಕಿತ್ತು. ಸ್ಥಳೀಯ ಸಂಸ್ಥೆಗಳ ವಾರ್ಷಿಕ ವರದಿ ನಾಲ್ಕನೇ ನಮೂನೆಯಲ್ಲಿ ಜೂನ್ 30ರೊಳಗೆ ಮಂಡಳಿಗೆ, ಮಂಡಳಿಯ ಕ್ರೋಡೀಕೃತ ವರದಿ ಜುಲೈ 31ರೊಳಗೆ ಕೇಂದ್ರ ಮಂಡಳಿಗೆ ಹೋಗಬೇಕೆಂಬ ವೇಳಾಪಟ್ಟಿಯಿತ್ತು. ವರದಿಯ ಅಂಕಿಗಳ ಗಟ್ಟಿತನ ತೂಕದ ಸೇತುವೆ ಇದೆಯೇ ಇಲ್ಲವೇ ಎಂಬುದರ ಮೇಲೆ ನಿಂತಿದೆ. ಸೇತುವೆ ಇಲ್ಲದ ಪಟ್ಟಣದಲ್ಲಿ ತಲಾ ಇಷ್ಟು ಗ್ರಾಂ ಎಂದು ಜನಸಂಖ್ಯೆಯಿಂದ ಗುಣಿಸಿ, ಇಲ್ಲವೇ ಟಿಪ್ಪರುಗಳ ಟ್ರಿಪ್ಪು ಎಣಿಸಿ, ಟನ್ನುಗಳನ್ನು ಬರೆಯಲಾಗುತ್ತದೆ. ಹಾಗೆ ಬಂದ ಅಂಕಿಯಲ್ಲಿ ಊರು ನಿಜವಾಗಿ ಹೊರಹಾಕಿದ್ದೆಷ್ಟು ಎಂಬುದು ಕಾಣುವುದಿಲ್ಲ.

ಮೇಲ್ವಿಚಾರಣೆಯ ಲೋಪ ಎಲ್ಲರ ಕಣ್ಣಿಗೆ ಬಿದ್ದದ್ದು 2019ರ ಆಗಸ್ಟ್‌ನಲ್ಲಿ. ಮಂಗಳೂರಿನ ಪಚ್ಚನಾಡಿ ಡಂಪಿಂಗ್ ಯಾರ್ಡಿನ ಕಸದ ಗುಡ್ಡ ಭಾರೀ ಮಳೆಗೆ ಕುಸಿದು ಪಕ್ಕದ ಮಂದಾರಕ್ಕೆ ಜಾರಿತು. ಅಡಿಕೆ, ತೆಂಗಿನ ತೋಟಗಳು ಕಸದಡಿ ಹೂತುಹೋದವು. ಅಲ್ಲಿನ ಕುಟುಂಬಗಳನ್ನು ಬೇರೆಡೆಗೆ ಸ್ಥಳಾಂತರಿಸಬೇಕಾಯಿತು. ಹೊಸ ಕಸಕ್ಕೆ ಅಲ್ಲಿ ಸಂಸ್ಕರಣಾ ಘಟಕವಿತ್ತು. ಜಾರಿದ್ದು ವರ್ಷಗಳಿಂದ ರಾಶಿ ಬಿದ್ದಿದ್ದ ಹಳೆಯದು.

ಅನುದಾನದ ಮೂಲಗಳು

15ನೇ ಹಣಕಾಸು ಆಯೋಗ 2021–26ರ ಅವಧಿಗೆ ದೇಶದ ನಗರ ಸ್ಥಳೀಯ ಸಂಸ್ಥೆಗಳಿಗೆ 1,21,055 ಕೋಟಿ ರೂಪಾಯಿ ಶಿಫಾರಸು ಮಾಡಿತು. ಹತ್ತು ಲಕ್ಷ ಮೀರಿದ ನಗರ ಸಂಕುಲಗಳಿಗೆ ಪ್ರತ್ಯೇಕ ಸವಾಲು ನಿಧಿ; ಉಳಿದವಕ್ಕೆ ಶೇ 40 ಮುಕ್ತ, ಶೇ 60 ನಿರ್ಬಂಧಿತ. ನಿರ್ಬಂಧಿತ ಭಾಗದ ಅರ್ಧ ನೈರ್ಮಲ್ಯ ಮತ್ತು ಘನತ್ಯಾಜ್ಯಕ್ಕೆ, ಅರ್ಧ ಕುಡಿಯುವ ನೀರಿಗೆ. 2011ರ ಜನಗಣತಿಯಲ್ಲಿ ಹತ್ತು ಲಕ್ಷ ದಾಟಿದ ನಗರ ಸಂಕುಲ ರಾಜ್ಯದಲ್ಲಿ ಬೆಂಗಳೂರು ಮಾತ್ರ. ಮೈಸೂರು ಸಂಕುಲ ಸುಮಾರು 9.9 ಲಕ್ಷಕ್ಕೆ ನಿಂತಿತ್ತು, ಹುಬ್ಬಳ್ಳಿ-ಧಾರವಾಡ 9.4 ಲಕ್ಷಕ್ಕೆ. 2021ರ ಗಣತಿ ನಡೆಯದ ಕಾರಣ, ಆಮೇಲೆ ಎಷ್ಟೇ ಬೆಳೆದಿದ್ದರೂ ಅವು ಸಣ್ಣ ಪಟ್ಟಣಗಳ ಸಾಲಿನಲ್ಲೇ ಉಳಿದವು.

ಈ ಹಣ ಸಿಗಬೇಕಾದರೆ ಲೆಕ್ಕಪತ್ರ ಆನ್‌ಲೈನಿನಲ್ಲಿ ಪ್ರಕಟವಾಗಿರಬೇಕಿತ್ತು, ಆಸ್ತಿ ತೆರಿಗೆಯ ಕನಿಷ್ಠ ದರ ಅಧಿಸೂಚನೆಯಾಗಿರಬೇಕಿತ್ತು, ತೆರಿಗೆ ವಸೂಲಿ ರಾಜ್ಯದ ಆರ್ಥಿಕ ಬೆಳವಣಿಗೆಗೆ ತಕ್ಕಂತೆ ಏರಬೇಕಿತ್ತು. ಕೇಂದ್ರದಿಂದ ಬಂದ ಹಣವನ್ನು ರಾಜ್ಯ ಹತ್ತು ಕೆಲಸದ ದಿನಗಳಲ್ಲಿ ದಾಟಿಸದಿದ್ದರೆ ಬಡ್ಡಿ ಕಟ್ಟಿಕೊಡಬೇಕಿತ್ತು. ಕಸದ ಬುಟ್ಟಿಗೂ ಲೆಕ್ಕಪರಿಶೋಧನೆಗೂ ಏನು ಸಂಬಂಧ ಎನ್ನಿಸಬಹುದು. ಆದರೆ ಮುಖ್ಯಾಧಿಕಾರಿಗಳು ಹಳೆ ಲೆಕ್ಕ ಮುಗಿಸಲು ಓಡಾಡಿದ್ದು ಬಹುಮಟ್ಟಿಗೆ ಈ ಷರತ್ತುಗಳಿಂದಲೇ.

ಸ್ವಚ್ಛ ಭಾರತ್ ಮಿಷನ್ (ನಗರ) 2014ರ ಅಕ್ಟೋಬರ್ 2ರಂದು, ಅದರ ಎರಡನೇ ಹಂತ 2021ರ ಅಕ್ಟೋಬರ್ 1ರಂದು ಆರಂಭವಾದವು. ಎರಡನೇ ಹಂತದಲ್ಲಿ ಘನತ್ಯಾಜ್ಯ ಯೋಜನೆಗಳಿಗೆ ಕೇಂದ್ರದ ಪಾಲು ಒಂದು ಲಕ್ಷದೊಳಗಿನ ಊರಿಗೆ ಶೇ 50, ಒಂದರಿಂದ ಹತ್ತು ಲಕ್ಷದವರೆಗೆ ಶೇ 33, ಅದಕ್ಕೂ ದೊಡ್ಡದಕ್ಕೆ ಶೇ 25. ಉಳಿದದ್ದನ್ನು ರಾಜ್ಯ ಮತ್ತು ಸ್ಥಳೀಯ ಸಂಸ್ಥೆ ಹೊಂದಿಸಬೇಕು. ಹಣ ಕಂತಿನಲ್ಲಿ ಬರುತ್ತದೆ, ಮುಂದಿನ ಕಂತಿಗೆ ಹಿಂದಿನದರ ಬಳಕೆ ಪ್ರಮಾಣಪತ್ರ ಬೇಕು.

ಇಷ್ಟೆಲ್ಲ ಅನುದಾನ ಕಟ್ಟಡ, ಯಂತ್ರ, ವಾಹನಗಳ ಕಡೆಗೆ ವಾಲಿದೆ. ಊರಿನ ಆಟೋ ಟಿಪ್ಪರಿನ ಬೆನ್ನ ಮೇಲೆ ‘15ನೇ ಹಣಕಾಸು’ ಎಂದು ಬಣ್ಣದಲ್ಲಿ ಬರೆದಿರುತ್ತದೆ. ಅದರ ಚಾಲಕನ ಸಂಬಳ, ಡೀಸೆಲ್, ಟೈರು ಆ ಅನುದಾನದಡಿ ಬರುವುದಿಲ್ಲ. ಆಯೋಗದ ಮುಕ್ತ ನಿಧಿಯನ್ನೂ ಸಂಬಳಕ್ಕೆ ಬಳಸುವಂತಿರಲಿಲ್ಲ. 700 ಜನರಿಗೆ ಒಬ್ಬರು ಎಂಬ ಲೆಕ್ಕದಲ್ಲಿ ನಿಗದಿಯಾದ ಪೌರಕಾರ್ಮಿಕರ ವೇತನ, ಗುತ್ತಿಗೆದಾರರಿಲ್ಲದೆ ಸಂಸ್ಥೆಯೇ ಮಾಡುವ ನೇರ ಪಾವತಿ ಇವೆಲ್ಲ ಎಸ್‌ಎಫ್‌ಸಿ ನಿಧಿ ಮತ್ತು ಸ್ವಂತ ಆದಾಯದ ಮೇಲೆ ಬೀಳುತ್ತವೆ. ಶೆಡ್ಡಿದ್ದು ಕರೆಂಟ್ ಬಿಲ್ ಕಟ್ಟಲಾಗದ, ಯಂತ್ರವಿದ್ದು ಬೆಲ್ಟ್ ಹರಿದು ನಿಂತ ಘಟಕಗಳಿಗೆ ಇದೇ ಮೂಲ.

ಹಳೆ ಕಸದ ಲೆಕ್ಕ

ಮೇಲ್ವಿಚಾರಣೆ ಮತ್ತು ಅನುದಾನ ನೇರವಾಗಿ ಸಂಧಿಸುವುದು ಹಳೆ ಕಸದ ತೆರವಿನಲ್ಲಿ, ಏಕೆಂದರೆ ಅಲ್ಲಿ ಟನ್ನಿಗೆ ಇಷ್ಟು ಎಂದು ಹಣ ನಿಗದಿಯಾಗುತ್ತದೆ. ಗುಡ್ಡವನ್ನು ಹಾಗೆಯೇ ತೂಗಲಾಗದು. ಮೊದಲು ಡ್ರೋನ್ ಅಥವಾ ಟೋಟಲ್ ಸ್ಟೇಷನ್ ಸಮೀಕ್ಷೆಯಿಂದ ಗಾತ್ರವನ್ನು ಘನ ಮೀಟರಿನಲ್ಲಿ ಕಂಡುಕೊಂಡು, ಅದನ್ನು ಸಾಂದ್ರತೆಯಿಂದ ಗುಣಿಸಿ ಟನ್ ಪಡೆಯಬೇಕು. ತಪ್ಪು ನುಸುಳುವುದು ಎರಡೂ ಹೆಜ್ಜೆಗಳಲ್ಲಿ. ಡ್ರೋನ್ ಮೇಲ್ಮೈಯನ್ನಷ್ಟೇ ನೋಡುತ್ತದೆ. ಹಳೆಯ ಕಲ್ಲುಕ್ವಾರಿಯಲ್ಲೋ ತಗ್ಗಿನಲ್ಲೋ ಸುರಿದಿದ್ದರೆ ತಳ ಎಲ್ಲಿದೆಯೆಂದು ಬೋರ್ ಹಾಕಿಯೇ ತಿಳಿಯಬೇಕು. ಸಾಂದ್ರತೆ ತೇವಾಂಶದೊಂದಿಗೆ ಬದಲಾಗುತ್ತದೆ. ಉದಾಹರಣೆಗೆ ಒಂದು ಲಕ್ಷ ಘನ ಮೀಟರಿನ ರಾಶಿಯ ಸಾಂದ್ರತೆ ಘನ ಮೀಟರಿಗೆ 0.8 ಟನ್ ಎಂದರೆ 80,000 ಟನ್, 1.0 ಎಂದರೆ ಒಂದು ಲಕ್ಷ ಟನ್. ದರ ಟನ್ನಿಗೆ 550 ರೂಪಾಯಿ ಎಂದಿಟ್ಟುಕೊಂಡರೆ ಅಂದಾಜು ವೆಚ್ಚ 4.4 ಕೋಟಿಯಿಂದ 5.5 ಕೋಟಿಗೆ ಏರುತ್ತದೆ. ಒಂದೇ ರಾಶಿ, 1.1 ಕೋಟಿಯ ವ್ಯತ್ಯಾಸ.

ತೆರವಿನ ಕ್ರಮವನ್ನು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ 2019ರ ಮಾರ್ಗಸೂಚಿ ಹೇಳುತ್ತದೆ. ರಾಶಿಯನ್ನು ಪದರ ಪದರವಾಗಿ ಕೆದಕಿ, ಆಳೆತ್ತರ ಮೀರಿದ ಉದ್ದನೆಯ ಸಾಲುಗಳಾಗಿ ಪೇರಿಸಿ, ಜೈವಿಕ ದ್ರಾವಣ ಸಿಂಪಡಿಸಿ, ಆಗಾಗ ಮಗುಚಿ ಹಾಕಬೇಕು. ತೇವ ಇಳಿದ ಮೇಲೆ ಟ್ರಾಮೆಲ್ ಜರಡಿಗೆ ಕೊಡುತ್ತಾರೆ. ಜರಡಿಯಿಂದ ಸಣ್ಣ ಮಣ್ಣು, ಕಲ್ಲು-ಇಟ್ಟಿಗೆ ಚೂರು, ಮತ್ತು ಆರ್‌ಡಿಎಫ್ ಎಂದು ಕರೆಯುವ ಸುಡಬಲ್ಲ ಪ್ಲಾಸ್ಟಿಕ್-ಬಟ್ಟೆ ಬೇರೆ ಬೇರೆಯಾಗಿ ಹೊರಬೀಳುತ್ತವೆ. ಜಿಗುಟಾದ ಒದ್ದೆ ಕಸ ಜರಡಿಯ ಕಣ್ಣುಗಳನ್ನು ಮುಚ್ಚಿಬಿಡುವುದರಿಂದ ಕರಾವಳಿಯಲ್ಲಿ ಮಳೆಗಾಲದ ತಿಂಗಳುಗಳು ಲೆಕ್ಕಕ್ಕಿಲ್ಲ. ಹನ್ನೆರಡು ತಿಂಗಳ ಗುತ್ತಿಗೆಯೆಂದರೆ ಅಲ್ಲಿ ಎಂಟೇ ತಿಂಗಳ ಕೆಲಸ.

ಆರ್‌ಡಿಎಫ್‌ಗೆ ಕಾನೂನಿನಲ್ಲೇ ಒಂದು ದಾರಿಯಿದೆ: 100 ಕಿ.ಮೀ. ಒಳಗಿನ ಕೈಗಾರಿಕೆಗಳು ಇಂಧನದ ಶೇ 5ರಷ್ಟನ್ನಾದರೂ ಅದರಿಂದ ತುಂಬಿಸಬೇಕೆಂದು 2016ರ ನಿಯಮಗಳು ಹೇಳಿದವು. ರಾಜ್ಯದ ಸಿಮೆಂಟ್ ಕಾರ್ಖಾನೆಗಳು ಹೆಚ್ಚಾಗಿರುವುದು ಕಲಬುರಗಿ, ಬಾಗಲಕೋಟೆ ಕಡೆ. ದಕ್ಷಿಣದ ಜಿಲ್ಲೆಗಳಿಂದ ಅಲ್ಲಿಗೆ ಸಾಗಿಸುವ ಲಾರಿ ಬಾಡಿಗೆಯೇ ಸರಕಿನ ಬೆಲೆಯನ್ನು ಮೀರುವ ಸಂದರ್ಭಗಳಿವೆ. ಸಣ್ಣ ಮಣ್ಣಿನಲ್ಲಿ ಗಾಜಿನ ಚೂರು, ಭಾರಲೋಹದ ಅನುಮಾನ ಇರುವುದರಿಂದ ಹೊಲಕ್ಕೆ ಬಳಸುವ ಮೊದಲು ಪರೀಕ್ಷೆ ಬೇಕು. ಹೀಗಾಗಿ ‘ತೆರವಾಯಿತು’ ಎಂದು ದಾಖಲಾದ ತಾಣದ ಮೂಲೆಯಲ್ಲಿ ಜರಡಿ ಹಿಡಿದ ರಾಶಿಗಳು ಉಳಿದಿರಬಹುದು. ಅಂತಿಮ ಸಮೀಕ್ಷೆ ಗುಡ್ಡದ ಇಳಿಕೆಯನ್ನಷ್ಟೇ ಅಳೆದು ಹೊರಹೋದ ಲಾರಿಗಳ ತೂಕಚೀಟಿಯನ್ನು ಜೊತೆಗಿಟ್ಟು ನೋಡದಿದ್ದರೆ ಕಂತಿನ ಹಣ ಕೆಲಸಕ್ಕಿಂತ ಮುಂದೆ ಓಡುತ್ತದೆ.

ಗ್ರಾಮ ಪಂಚಾಯಿತಿಗಳು

ಪಟ್ಟಣದ ಲಕ್ಷಣ ಪಡೆದ ಪಂಚಾಯಿತಿಗಳನ್ನು ಬಿಟ್ಟರೆ ಹಳ್ಳಿಗಳು 2016ರ ನಿಯಮಗಳ ಆಚೆ ಇದ್ದವು. ಇಲ್ಲಿ ನಿಯಮಕ್ಕಿಂತ ಮೊದಲು ಹಣ ಬಂತು. ಸ್ವಚ್ಛ ಭಾರತ್ ಮಿಷನ್ (ಗ್ರಾಮೀಣ) ಎರಡನೇ ಹಂತದಲ್ಲಿ 5,000 ಜನರವರೆಗಿನ ಹಳ್ಳಿಗೆ ಘನತ್ಯಾಜ್ಯಕ್ಕಾಗಿ ತಲಾ 60 ರೂಪಾಯಿ, ಅದಕ್ಕೂ ದೊಡ್ಡದಕ್ಕೆ 45 ರೂಪಾಯಿ ನಿಗದಿಯಾಯಿತು. ವೆಚ್ಚದ ಶೇ 30ನ್ನು ಪಂಚಾಯಿತಿ ಹಣಕಾಸು ಆಯೋಗದ ಅನುದಾನದಿಂದ ಭರಿಸಬೇಕು. ರಾಜ್ಯದಲ್ಲಿ ಈ ಘಟಕಗಳಿಗೆ ‘ಸ್ವಚ್ಛ ಸಂಕೀರ್ಣ’ ಎಂಬ ಹೆಸರಿದೆ. ಅನೇಕ ಕಡೆ ವಾಹನ ಓಡಿಸುವವರೂ ಕಸ ಬೇರ್ಪಡಿಸುವವರೂ ಸ್ವಸಹಾಯ ಸಂಘಗಳ ಮಹಿಳೆಯರು.

ಒಂದು ಪಂಚಾಯಿತಿಯ ಒಣ ಕಸ ಮಾರಾಟಕ್ಕೆ ಸಾಲದಷ್ಟು ಕಡಿಮೆ. ಆದ್ದರಿಂದ ಉಡುಪಿ ಜಿಲ್ಲೆಯ ನಿಟ್ಟೆ ಮತ್ತು ದಕ್ಷಿಣ ಕನ್ನಡದ ತೆಂಕ ಎಡಪದವಿನಲ್ಲಿ ಹಲವು ಪಂಚಾಯಿತಿಗಳಿಗೆ ಸೇರಿ, ಒಣ ಕಸವನ್ನು ಬೇರ್ಪಡಿಸಿ ಮಾರಾಟಕ್ಕೆ ಸಿದ್ಧಗೊಳಿಸುವ ಎಂಆರ್‌ಎಫ್ ಘಟಕಗಳನ್ನು ಕಟ್ಟಲಾಗಿದೆ. ತಾಲ್ಲೂಕುಮಟ್ಟದ ಹಂಚಿಕೆಯ ಈ ಮಾದರಿ ಪ್ರತಿ ಹಳ್ಳಿಗೊಂದು ಶೆಡ್ಡು ಕಟ್ಟುವುದಕ್ಕಿಂತ ಬಾಳಿಕೆಯದ್ದಾಗಿ ಕಾಣುತ್ತದೆ.

ನ್ಯಾಯಮಂಡಳಿಯ ಪಾತ್ರ

ಅಲ್ಮಿತ್ರಾ ಪಟೇಲ್ ಪ್ರಕರಣ 2014ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ವರ್ಗವಾಯಿತು. 2019ರಿಂದ ನ್ಯಾಯಮಂಡಳಿ ರಾಜ್ಯಗಳ ಮುಖ್ಯ ಕಾರ್ಯದರ್ಶಿಗಳನ್ನೇ ಕರೆಸಿ ವಿಚಾರಿಸತೊಡಗಿತು; ಕರ್ನಾಟಕದಲ್ಲಿ ಅದು ನೇಮಿಸಿದ ರಾಜ್ಯಮಟ್ಟದ ಸಮಿತಿಗೆ ನ್ಯಾಯಮೂರ್ತಿ ಸುಭಾಷ್ ಬಿ. ಆಡಿ ಅಧ್ಯಕ್ಷರಾಗಿದ್ದರು. 2022ರ ಅಕ್ಟೋಬರಿನಲ್ಲಿ ಸಂಸ್ಕರಿಸದ ಕೊಳಚೆಗೆ ದಿನಕ್ಕೆ ಹತ್ತು ಲಕ್ಷ ಲೀಟರಿಗೆ 2 ಕೋಟಿ, ಹಳೆ ಕಸಕ್ಕೆ ಟನ್ನಿಗೆ 300 ರೂಪಾಯಿ ದರದಲ್ಲಿ ಲೆಕ್ಕ ಹಾಕಿ ರಾಜ್ಯಕ್ಕೆ 2,900 ಕೋಟಿ ರೂಪಾಯಿ ಪರಿಸರ ಪರಿಹಾರ ವಿಧಿಸಿತು. ಅದರ ಬಹುಪಾಲು ಕೊಳಚೆ ನೀರಿನದ್ದು. ಮೊತ್ತವನ್ನು ಪ್ರತ್ಯೇಕ ಖಾತೆಯಲ್ಲಿಟ್ಟು ಪುನಶ್ಚೇತನಕ್ಕೇ ಖರ್ಚು ಮಾಡಬೇಕೆಂದದ್ದರಿಂದ ದಂಡದ ಆದೇಶವೇ ಮೀಸಲು ಅನುದಾನದ ರೂಪ ತಾಳಿತು.

ಬೆಂಗಳೂರು

ರಾಜಧಾನಿಯ ಏರ್ಪಾಡು ಬೇರೆ. ನಗರದ ಕಸ ಸುರಿಯುತ್ತಿದ್ದ ತಾಣಗಳಲ್ಲಿ ಮಾವಳ್ಳಿಪುರ 2012ರಲ್ಲಿ, ಮಂಡೂರು 2014ರ ಕೊನೆಗೆ ಮುಚ್ಚಿದವು; ಮೂಲದಲ್ಲೇ ವಿಂಗಡಣೆಯ ಒತ್ತಾಯ ಬಂದದ್ದು ಹೈಕೋರ್ಟ್ ಆದೇಶಗಳಿಂದ. ಕಸದ ಕೆಲಸಕ್ಕೆಂದೇ ಬೆಂಗಳೂರು ಘನತ್ಯಾಜ್ಯ ನಿರ್ವಹಣಾ ನಿಯಮಿತ ಎಂಬ ಕಂಪನಿ ರಚನೆಯಾಗಿದೆ. 2025ರ ಏಪ್ರಿಲಿನಿಂದ ಆಸ್ತಿ ತೆರಿಗೆಯ ಜೊತೆಗೆ ಕಸದ ಬಳಕೆದಾರ ಶುಲ್ಕವೂ ವಸೂಲಾಗುತ್ತಿದೆ. ಅದೇ ವರ್ಷ ಪಾಲಿಕೆ ಐದಾಗಿ ಒಡೆದು ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಬಂದಿತು.