ಡೈಟ್

ಡೈಟ್ ಎಂಬುದು ಇಂಗ್ಲಿಷಿನ ಬಳಕೆಯಿಂದ ಬಹುಮಟ್ಟಿಗೆ ಮರೆಯಾದ ಒಂದು ಕ್ರಿಯಾಪದ. ಪಥ್ಯದ 'ಡಯಟ್'ಗೂ ಇದಕ್ಕೂ ನಂಟಿಲ್ಲ. ಇದರ ಮೂಲ ಲ್ಯಾಟಿನ್ನಿನ 'ಡಿಕ್ಟಾರೆ', ಅಂದರೆ ಬಾಯಲ್ಲಿ ಹೇಳಿ ಬರೆಸುವುದು. ಹಳೆಯ ಇಂಗ್ಲಿಷಿನಲ್ಲಿ 'ಡಿಹ್ತನ್' ಎಂದಾಗಿ ರಚಿಸು, ಅಪ್ಪಣೆ ಕೊಡು, ಏರ್ಪಡಿಸು ಎಂಬ ಅರ್ಥಗಳನ್ನು ಪಡೆಯಿತು. ಇದೇ ಬೇರಿನಿಂದ ಜರ್ಮನ್ನಿಗೆ ಬಂದ 'ಡಿಖ್ಟೆನ್' ಕವಿತೆ ಕಟ್ಟುವುದರಲ್ಲಿ ನೆಲೆನಿಂತಿತು. ಅಲ್ಲಿ ಇಂದಿಗೂ ಕವಿಯನ್ನು 'ಡಿಖ್ಟರ್' ಎನ್ನುತ್ತಾರೆ. ಇಂಗ್ಲಿಷಿನ ಪದ ಮಾತ್ರ ಒಂದೆಡೆ ನಿಲ್ಲಲಿಲ್ಲ.

ಮಧ್ಯಯುಗದಲ್ಲಿ ಅಡುಗೆ ಅಣಿಮಾಡುವುದು, ಹಾಸಿಗೆ ಸಿದ್ಧಪಡಿಸುವುದು, ಕವಚ ತೊಡುವುದು, ಒಡವೆಯಿಂದ ಸಿಂಗರಿಸುವುದು, ಕೊಲ್ಲುವುದು ಎಲ್ಲಕ್ಕೂ ಡೈಟ್ ಸಲ್ಲುತ್ತಿತ್ತು. 1400ರಲ್ಲಿ ತೀರಿಕೊಂಡ ಚಾಸರ್‌ನ 'ಕ್ಯಾಂಟರ್‌ಬರಿ ಕಥೆಗಳು' ಕೃತಿಯಲ್ಲಿ ಬಾತ್‌ನ ಹೆಂಗಸು ತನ್ನ ಪೀಠಿಕೆಯಲ್ಲಿ ಇದನ್ನು ಸಂಭೋಗದ ಅರ್ಥದಲ್ಲಿ ಎಗ್ಗಿಲ್ಲದೆ ಆಡುತ್ತಾಳೆ. ಕನ್ನಡದ 'ಮಾಡು'ವಿನ ಹಾಗೆ ಇದಕ್ಕೂ ಸ್ವಂತ ತಿರುಳು ಕಡಿಮೆ, ಪಕ್ಕದ ಪದ ಕೊಟ್ಟಷ್ಟೇ ಅರ್ಥ. ಕೇಡಾದದ್ದೂ ಅಲ್ಲೇ ಇರಬೇಕು. ಫ್ರೆಂಚಿನಿಂದ ಬಂದ 'ಡ್ರೆಸ್', 'ಅರೇ', 'ಪ್ರಿಪೇರ್' ಮೊದಲಾದ ಪದಗಳು ಒಂದೊಂದೇ ಕೆಲಸವನ್ನು ಕಿತ್ತುಕೊಂಡವು. ಹೇಳಿ ಬರೆಸುವ ಮೂಲ ಅರ್ಥಕ್ಕಂತೂ ಇಂಗ್ಲಿಷರು ಅದೇ ಲ್ಯಾಟಿನ್ ಪದವನ್ನು 'ಡಿಕ್ಟೇಟ್' ರೂಪದಲ್ಲಿ ಹೊಸದಾಗಿ ತಂದುಕೊಂಡರು.

ಆಮೇಲೆ ಇದು ಕವಿಗಳ ಪಾಲಾಯಿತು. ಹಳೆಯ ಪದಗಳ ಮೋಹಿ ಸ್ಪೆನ್ಸರ್ 'ಫೇರಿ ಕ್ವೀನ್'ನ (1590) ಮೊದಲ ಕಾಂಡದಲ್ಲಿ ರಾಕ್ಷಸನೊಬ್ಬ ಗದೆಯನ್ನು ಮೇಲೆತ್ತುವುದಕ್ಕೂ ಈ ಪದವನ್ನೇ ಹಚ್ಚಿದ. ಇದಕ್ಕೆ ಹಿಂದಿನ ಬಳಕೆಯ ಆಧಾರವಿಲ್ಲ; ಪ್ರಾಸ ಎಳೆದದ್ದು ಎನ್ನದೆ ಗತಿಯಿಲ್ಲ. ಮಿಲ್ಟನ್ 1645ರಲ್ಲಿ ಅಚ್ಚಾದ 'ಲಾಲೆಗ್ರೊ'ದಲ್ಲಿ ಮೋಡಗಳಿಗೂ 'ಇಲ್ ಪೆನ್ಸೆರೊಸೊ'ದಲ್ಲಿ ಚರ್ಚಿನ ಚಿತ್ರಗಾಜಿನ ಕಿಟಕಿಗಳಿಗೂ 'ಅಲಂಕೃತ' ಎಂಬರ್ಥದಲ್ಲಿ ಇದನ್ನು ಬಳಸಿದ. ಹ್ಯಾಂಡಲ್ 1740ರಲ್ಲಿ ಈ ಕವಿತೆಗಳಿಗೆ ರಾಗ ಕೂಡಿಸಿದ್ದರಿಂದ ಆ ಕಿಟಕಿಗಳ ಸಾಲು ಹಾಡುಗಾರರ ಬಾಯಲ್ಲೂ ಉಳಿಯಿತು. ಹತ್ತೊಂಬತ್ತನೆಯ ಶತಮಾನದಲ್ಲಿ ವಾಲ್ಟರ್ ಸ್ಕಾಟ್ ಮೊದಲಾದವರು ಮತ್ತೆ ಎತ್ತಿಕೊಂಡರೂ ಅದು ಪುರಾತನ ಬಣ್ಣಕ್ಕಾಗಿ, ಹೆಚ್ಚಾಗಿ ವಿಶೇಷಣವಾಗಿ ಮಾತ್ರ.

ಆಡುಮಾತಿನಲ್ಲಿ ಇದನ್ನು ಕಾಪಾಡಿದ್ದು ಸ್ಕಾಟ್ಲೆಂಡ್. ಅಲ್ಲಿ ಉಚ್ಚಾರ 'ಡಿಖ್ಟ್'. ಇಂಗ್ಲೆಂಡಿನವರು ನುಂಗಿಹಾಕಿದ ಗಂಟಲಿನ ಧ್ವನಿ ಇನ್ನೂ ಕೇಳಿಸುತ್ತದೆ. ಕಾಳು ತೂರಿ ಹಸನು ಮಾಡುವ ಅರ್ಥದಲ್ಲಿ ರಾಬರ್ಟ್ ಬರ್ನ್ಸ್ ಅದನ್ನು ಬಳಸಿದ್ದಾನೆ. ಈಗಲೂ ಸ್ಕಾಟ್ಸ್ ಮಾತಿನಲ್ಲಿ ಮೇಜು ಒರೆಸುವುದಕ್ಕೂ ಮಗುವಿನ ಮೂಗು ಒರೆಸುವುದಕ್ಕೂ ಇದೇ ಪದ.