ಟಿಬಿ ಬಂದವರಿಗೆ ಹಾಲು, ಮೊಟ್ಟೆ ಬಿಡಿಸಿ ಗಂಜಿ ಕೊಡಬೇಕೆ? ಇಳಿದ ತೂಕ, ಶಕ್ತಿ ಮರಳಿ ಬರುವುದು ಹೇಗೆ?

ಟಿಬಿ ಆದವರಿಗೆ ಹಾಲು, ಮೊಸರು, ಮೊಟ್ಟೆ, ಕಡಲೆಬೀಜ ಕೊಟ್ಟರೆ ಕಫ ಹೆಚ್ಚುತ್ತದೆ, ಆರು ತಿಂಗಳು ಪಥ್ಯದ ಗಂಜಿಯೇ ಸಾಕು ಎನ್ನುವ ಮೆಸೇಜ್ ಒಂದು ಕಡೆ. ಹದಿನೈದೇ ದಿನದಲ್ಲಿ ಐದು ಕೆಜಿ ತೂಕ ಬರಿಸುವ ಪುಡಿಯ ಜಾಹೀರಾತು ಇನ್ನೊಂದು ಕಡೆ. ಎರಡೂ ಒಂದೇ ಫ್ಯಾಮಿಲಿ ಗ್ರೂಪಿನಲ್ಲಿ ಬರುವುದುಂಟು. ಮೊದಲನೆಯದನ್ನು ನಂಬಿದವರು ರೋಗಿಯನ್ನು ಅರೆಹೊಟ್ಟೆಯಲ್ಲಿ ಇಡುತ್ತಾರೆ, ಎರಡನೆಯದನ್ನು ನಂಬಿದವರು ಬೇಳೆ, ಹಾಲಿಗೆ ಆಗಬೇಕಿದ್ದ ದುಡ್ಡನ್ನು ಡಬ್ಬಿಗೆ ಸುರಿಯುತ್ತಾರೆ. ಎರಡೂ ಸುಳ್ಳು. ಟಿಬಿಯಲ್ಲಿ ಇಳಿದ ತೂಕವನ್ನು ಮರಳಿ ಪಡೆಯುವುದು ಚಿಕಿತ್ಸೆಯದೇ ಒಂದು ಭಾಗ. ಅದಕ್ಕೆ ಬೇಕಾದ್ದು ಸಾಕಷ್ಟು ಪ್ರಮಾಣದಲ್ಲಿ ಮನೆಯ ಊಟವೇ.

ತೂಕ ಇಳಿಯುವುದೇಕೆ?

ಈ ಕಾಯಿಲೆಗೆ ನಮ್ಮಲ್ಲಿರುವ ಹಳೆಯ ಹೆಸರೇ ಕ್ಷಯ, ಅಂದರೆ ಕರಗುತ್ತಾ ಹೋಗುವುದು. ರೋಗಾಣುವಿನ ವಿರುದ್ಧ ಹೋರಾಡುವಾಗ ದೇಹ ಹೊರಬಿಡುವ ಕೆಲವು ರಾಸಾಯನಿಕಗಳು ಹಸಿವನ್ನು ಕುಗ್ಗಿಸುತ್ತವೆ. ಜ್ವರ ಇದ್ದಷ್ಟು ದಿನ ದೇಹಕ್ಕೆ ಎಂದಿಗಿಂತ ಹೆಚ್ಚು ಶಕ್ತಿ ಬೇಕು, ಹೊಟ್ಟೆಗೆ ಹೋಗುವುದು ಮಾತ್ರ ಎಂದಿಗಿಂತ ಕಡಿಮೆ. ಈ ಕೊರತೆ ತುಂಬಲು ದೇಹ ಕೊಬ್ಬನ್ನಷ್ಟೇ ಅಲ್ಲ, ಸ್ನಾಯುಗಳನ್ನೂ ಒಡೆದು ಬಳಸಿಕೊಳ್ಳುತ್ತದೆ. ಹಾಸಿಗೆ ಹಿಡಿದು ಮಲಗಿದ್ದರೆ ಸ್ನಾಯು ಇನ್ನೂ ಬೇಗ ಕರಗುತ್ತದೆ. ಜ್ವರ ಬಿಟ್ಟ ಮೇಲೂ ಎರಡು ಮೆಟ್ಟಿಲು ಹತ್ತುವಷ್ಟರಲ್ಲಿ ಕಾಲು ನಡುಗುವುದು ಇದರಿಂದಲೇ.

ಇದು ತಿರುಗುಮುರುಗಾಗಿಯೂ ಕೆಲಸ ಮಾಡುತ್ತದೆ. ಟಿಬಿಯಿಂದ ತೂಕ ಇಳಿಯುವಂತೆಯೇ, ಮೊದಲೇ ಪೌಷ್ಟಿಕಾಂಶ ಕಡಿಮೆ ಇದ್ದವರಿಗೆ ಟಿಬಿ ಬೇಗ ತಗಲುತ್ತದೆ. ರೋಗಾಣು ಮೈಯಲ್ಲಿ ಸುಮ್ಮನೆ ಮಲಗಿದ್ದರೂ ಅದನ್ನು ಹದ್ದುಬಸ್ತಿನಲ್ಲಿ ಇಡುವ ರೋಗನಿರೋಧಕ ಶಕ್ತಿ ಹಸಿದ ದೇಹದಲ್ಲಿ ಸೋಲುತ್ತದೆ.

ಮಂಗಳೂರಿನ ವೈದ್ಯರು, ಜಾರ್ಖಂಡಿನ ಅಕ್ಕಿ-ಬೇಳೆ

ಊಟ ಒಳ್ಳೆಯದು ಎಂದು ಯಾರು ಬೇಕಾದರೂ ಹೇಳಬಹುದು, ಲೆಕ್ಕ ಎಲ್ಲಿದೆ ಎಂದು ನೀವು ಕೇಳಬಹುದು. ಲೆಕ್ಕ ಇದೆ, ಅದರಲ್ಲಿ ಕರ್ನಾಟಕದ ಪಾಲೂ ಇದೆ. ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ ಮತ್ತು ಡಾ. ಮಾಧವಿ ಭಾರ್ಗವ ಅವರ ತಂಡ ಜಾರ್ಖಂಡ್ ರಾಜ್ಯದಲ್ಲಿ ‘ರೇಷನ್ಸ್’ ಎಂಬ ಅಧ್ಯಯನ ನಡೆಸಿತು. ಫಲಿತಾಂಶ 2023ರಲ್ಲಿ ಲ್ಯಾನ್ಸೆಟ್ ಬಳಗದ ಪತ್ರಿಕೆಗಳಲ್ಲಿ ಪ್ರಕಟವಾಯಿತು. ಒಟ್ಟು 2,800 ಟಿಬಿ ರೋಗಿಗಳಿಗೆ ಮಾಮೂಲಿ ಔಷಧಿಯ ಜೊತೆಗೆ ತಿಂಗಳ ಆಹಾರದ ಚೀಲ ಕೊಟ್ಟರು. ಅದರಲ್ಲಿ ಇದ್ದದ್ದು ಅಕ್ಕಿ, ಬೇಳೆ, ಹಾಲಿನ ಪುಡಿ, ಎಣ್ಣೆ, ಜೊತೆಗೆ ವಿಟಮಿನ್ ಮಾತ್ರೆ. ವಿದೇಶಿ ಡಬ್ಬಿ ಯಾವುದೂ ಇರಲಿಲ್ಲ. ದಿನಕ್ಕೆ ಸುಮಾರು 1,200 ಕ್ಯಾಲರಿ, 52 ಗ್ರಾಂ ಪ್ರೋಟೀನ್ ಸಿಗುವಂತೆ ಆ ಚೀಲವನ್ನು ಲೆಕ್ಕ ಹಾಕಿ ತುಂಬಿದ್ದರು.

ಆ ರೋಗಿಗಳಲ್ಲಿ ಐವರಿಗೆ ನಾಲ್ವರು ಚಿಕಿತ್ಸೆಯ ಆರಂಭದಲ್ಲೇ ಎತ್ತರಕ್ಕೆ ತಕ್ಕ ತೂಕ ಇಲ್ಲದವರು. ಮೊದಲ ಎರಡು ತಿಂಗಳಲ್ಲಿ ತೂಕ ಶೇ. 5ರಷ್ಟು ಏರಿದವರಲ್ಲಿ ಸಾವಿನ ಅಪಾಯ ಶೇ. 61ರಷ್ಟು ಕಡಿಮೆ ಇತ್ತು. 40 ಕೆಜಿ ಇರುವವರಿಗೆ ಶೇ. 5 ಎಂದರೆ ಬರೀ ಎರಡು ಕೆಜಿ! ಒಂದು ಎಚ್ಚರ: ತೂಕ ಏರಿದ್ದಕ್ಕೇ ಬದುಕಿದರೋ, ಔಷಧಿ ಚೆನ್ನಾಗಿ ಹಿಡಿದಿದ್ದಕ್ಕೆ ತೂಕವೂ ಏರಿತೋ ಎಂಬುದನ್ನು ಈ ಒಂದು ಅಂಕಿಯಿಂದ ಪೂರ್ತಿ ಬಿಡಿಸಿ ಹೇಳಲಾಗದು. ಆದರೆ ರೋಗಿಗಳ ಮನೆಯವರ ವಿಷಯದಲ್ಲಿ ಹೋಲಿಕೆ ಇನ್ನೂ ನೇರವಾಗಿತ್ತು. ಕೆಲವು ಮನೆಗಳ ಸದಸ್ಯರಿಗೂ ಆಹಾರ ಕೊಟ್ಟು, ಇನ್ನು ಕೆಲವು ಮನೆಗಳಲ್ಲಿ ರೋಗಿಗೆ ಮಾತ್ರ ಕೊಟ್ಟು ನೋಡಿದಾಗ, ಆಹಾರ ಸಿಕ್ಕ ಮನೆಯವರಲ್ಲಿ ಹೊಸದಾಗಿ ಟಿಬಿ ಬರುವುದು ಶೇ. 39ರಷ್ಟು ಕಡಿಮೆಯಾಯಿತು.

ಗಂಜಿ ಸಾಲದೇಕೆ?

ನಾಲಿಗೆ ಕೆಟ್ಟಿರುವಾಗ ಮೊದಲ ಕೆಲವು ದಿನ ಗಂಜಿ ಹಿತವೇ. ತೊಂದರೆ ಇರುವುದು ಅದರಲ್ಲೇ ತಿಂಗಳುಗಟ್ಟಲೆ ಇಡುವುದರಲ್ಲಿ. ಒಂದು ಹಿಡಿ, ಅಂದರೆ ಸುಮಾರು 30 ಗ್ರಾಂ ಅಕ್ಕಿಯ ತೆಳು ಗಂಜಿಯಲ್ಲಿ ಸಿಗುವುದು ನೂರು ಕ್ಯಾಲರಿ, ಎರಡು ಗ್ರಾಂ ಪ್ರೋಟೀನ್. ಹೊಟ್ಟೆ ನೀರಿನಿಂದ ತುಂಬುತ್ತದೆ, ಸ್ನಾಯುವಿಗೆ ಏನೂ ಉಳಿಯುವುದಿಲ್ಲ.

ಕಾಯಿಲೆಯಿಂದ ಚೇತರಿಸಿಕೊಳ್ಳುವವರಿಗೆ ಮೈತೂಕದ ಪ್ರತಿ ಕೆಜಿಗೆ ದಿನಕ್ಕೆ 1.2ರಿಂದ 1.5 ಗ್ರಾಂ ಪ್ರೋಟೀನ್ ಬೇಕು ಎಂಬುದು ಸಾಮಾನ್ಯ ಲೆಕ್ಕ. 40 ಕೆಜಿಯವರಿಗೆ ಇದು 48ರಿಂದ 60 ಗ್ರಾಂ. ಎರಡು ಮೊಟ್ಟೆಯಲ್ಲಿ 12 ಗ್ರಾಂ, ಅರ್ಧ ಲೀಟರ್ ಹಾಲು-ಮೊಸರಿನಲ್ಲಿ 16, ಎರಡು ಹೊತ್ತಿನ ಹುಳಿಗೆ ಹಾಕಿದ 60 ಗ್ರಾಂ ಬೇಳೆಯಲ್ಲಿ 13, ಒಂದು ಹಿಡಿ ಕಡಲೆಬೀಜದಲ್ಲಿ 7, ದಿನದ ಅನ್ನ, ಮುದ್ದೆ, ರೊಟ್ಟಿಯಿಂದ ಇನ್ನೊಂದು 15. ಅಲ್ಲಿಗೆ 60 ದಾಟಿತು. ಮೊಟ್ಟೆ ತಿನ್ನದವರು ಎರಡು ಹಿಡಿ ಹುರಿಗಡಲೆಯನ್ನು ಪುಡಿ ಮಾಡಿ ಹಾಲಿಗೋ ರಾಗಿ ಅಂಬಲಿಗೋ ಕಲಸಿಕೊಂಡರೆ ಆ ಕೊರತೆ ತುಂಬುತ್ತದೆ. ಜಾಹೀರಾತಿನ ಪುಡಿ ಮಾಡುವುದಾಗಿ ಹೇಳುವ ಕೆಲಸ ಇದೇ.

ಹೆಚ್ಚು ತಿನ್ನಲಾಗದವರಿಗೆ ತಟ್ಟೆಯ ಗಾತ್ರ ಹೆಚ್ಚಿಸದೆ ಶಕ್ತಿ ಹೆಚ್ಚಿಸುವ ಉಪಾಯ ಎಣ್ಣೆ, ತುಪ್ಪ. ಎರಡು ಟೀ ಚಮಚದಲ್ಲಿ ಸುಮಾರು 90 ಕ್ಯಾಲರಿ ಇರುತ್ತದೆ. ಮೂರು ದೊಡ್ಡ ಊಟದ ಬದಲು ಆರು ಸಲ ಸ್ವಲ್ಪ ಸ್ವಲ್ಪ ತಿನ್ನುವುದು ಸುಲಭ. ಹಾಲು, ಮೊಟ್ಟೆಯಿಂದ ಟಿಬಿ ಉಲ್ಬಣಿಸುತ್ತದೆ ಎನ್ನಲು ಯಾವ ಆಧಾರವೂ ಇಲ್ಲ. ಮೂತ್ರಪಿಂಡದ ಕಾಯಿಲೆ ಇದ್ದವರು ಮಾತ್ರ ಪ್ರೋಟೀನ್ ಎಷ್ಟು ಎಂದು ವೈದ್ಯರನ್ನು ಕೇಳಿಯೇ ತಿನ್ನಬೇಕು. ಸಕ್ಕರೆ ಕಾಯಿಲೆ ಇದ್ದವರಿಗೆ ಬಾಳೆಹಣ್ಣು, ಜೇನುತುಪ್ಪ ತುರುಕುವುದು ಬೇಡ. ಟಿಬಿ ಪತ್ತೆಯಾದ ಎಲ್ಲರಿಗೂ ಶುಗರ್ ಪರೀಕ್ಷೆ ಮಾಡಿಸುವುದು ಇದಕ್ಕಾಗಿಯೇ.

ಇನ್ನೊಂದು ಮಾತು. ವಾರಗಟ್ಟಲೆ ಏನೂ ತಿನ್ನದೆ ಎಲುಬಿನ ಹಂದರದಂತಾದವರಿಗೆ ಒಮ್ಮೆಲೇ ಹೊಟ್ಟೆ ಬಿರಿಯೆ ಉಣಿಸುವುದು ಅಪಾಯ. ರಕ್ತದಲ್ಲಿ ಫಾಸ್ಫೇಟ್, ಪೊಟ್ಯಾಸಿಯಂ ದಿಢೀರನೆ ಇಳಿದು ಹೃದಯದ ಬಡಿತವೇ ಏರುಪೇರಾಗಬಹುದು. ಅಂಥವರಿಗೆ ಆಸ್ಪತ್ರೆಯಲ್ಲಿ, ರಕ್ತಪರೀಕ್ಷೆ ಮಾಡುತ್ತಾ ನಿಧಾನವಾಗಿ ಆಹಾರ ಏರಿಸಬೇಕು.

ತೂಕ ಬರಿಸುವ ಪುಡಿ, ಮಾತ್ರೆ

ಲೇಬಲ್ ಇಲ್ಲದ, “ಶುದ್ಧ ಆಯುರ್ವೇದಿಕ್” ಎಂದು ಮಾರುವ ಪುಡಿಗಳಿಗೆ ಸ್ಟೀರಾಯ್ಡ್ ಬೆರೆಸುವುದುಂಟು. ತಿಂದ ಕೆಲವೇ ದಿನಗಳಲ್ಲಿ ಹಸಿವು ಹೆಚ್ಚಿ, ಕೆನ್ನೆ ಉಬ್ಬಿ, “ಮೈ ಕೈ ತುಂಬಿಕೊಂಡಿತು” ಎಂದು ಮನೆಯವರು ಖುಷಿಪಡುತ್ತಾರೆ. ಅದು ಬಹುಪಾಲು ನೀರು ಮತ್ತು ಕೊಬ್ಬು. ಸ್ಟೀರಾಯ್ಡ್ ಸ್ನಾಯುವನ್ನು ಬೆಳೆಸುವುದಿಲ್ಲ, ಇನ್ನಷ್ಟು ಕರಗಿಸುತ್ತದೆ, ಶುಗರ್ ಏರಿಸುತ್ತದೆ, ಟಿಬಿಯ ವಿರುದ್ಧ ಕಾದಾಡಬೇಕಾದ ರೋಗನಿರೋಧಕ ಶಕ್ತಿಯನ್ನೇ ಕುಗ್ಗಿಸುತ್ತದೆ. ಟಿಬಿಯ ಕೆಲವು ಬಗೆಗಳಲ್ಲಿ ವೈದ್ಯರೇ ಸ್ಟೀರಾಯ್ಡ್ ಕೊಡುತ್ತಾರೆ, ಅದು ಲೆಕ್ಕವಿಟ್ಟು ಕೊಡುವ ಔಷಧಿ. ಇಂಥ ಪುಡಿಯನ್ನು ತಿಂಗಳುಗಟ್ಟಲೆ ತಿಂದವರು ಈ ಲೇಖನ ಓದಿ ಇವತ್ತೇ ಬಿಸಾಡಬೇಡಿ. ದಿಢೀರನೆ ನಿಲ್ಲಿಸಿದರೆ ವಾಂತಿ, ವಿಪರೀತ ಸುಸ್ತು, ಬಿಪಿ ಕುಸಿತ ಆಗಬಹುದು. ಡಬ್ಬಿ ಸಮೇತ ವೈದ್ಯರ ಬಳಿ ಹೋಗಿ.

ತೂಕ ಬಂದರೂ ಶಕ್ತಿ ಬರಲಿಲ್ಲವಲ್ಲ?

ಬರುತ್ತದೆ, ತಡವಾಗಿ. ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ 1944-45ರಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಆರೋಗ್ಯವಂತ ಯುವಕರನ್ನು, ಅವರ ಒಪ್ಪಿಗೆಯಿಂದಲೇ, ಸುಮಾರು ಆರು ತಿಂಗಳು ಅರೆಹೊಟ್ಟೆಯಲ್ಲಿ ಇರಿಸಿ ಆಮೇಲೆ ಮತ್ತೆ ಉಣಿಸಿ ನೋಡಿದರು. ಅವರು ಮೈತೂಕದ ಸುಮಾರು ಕಾಲು ಭಾಗ ಕಳೆದುಕೊಂಡಿದ್ದರು. ಮತ್ತೆ ಉಣ್ಣತೊಡಗಿದಾಗ ಕೊಬ್ಬು ಬೇಗ ಮರಳಿತು, ಸ್ನಾಯು ಹಿಂದೆ ಉಳಿಯಿತು. ಅವರಿಗೆ ಯಾವ ರೋಗವೂ ಇರಲಿಲ್ಲ ಎಂಬುದನ್ನು ನೆನಪಿಡಿ.

ಸ್ನಾಯು ಮರಳಿ ಬೆಳೆಯಲು ಪ್ರೋಟೀನಿನ ಜೊತೆ ಕೆಲಸವೂ ಬೇಕು. ಆರು ತಿಂಗಳು ಹಾಸಿಗೆಯಿಂದ ಏಳಬೇಡ ಎನ್ನುವ ಪ್ರೀತಿ ಇಲ್ಲಿ ಉಪಕಾರ ಮಾಡುವುದಿಲ್ಲ. ಜ್ವರ ಬಿಟ್ಟು, ಕೂತಲ್ಲಿ ಉಸಿರು ಸರಾಗವಾದ ಮೇಲೆ, ವೈದ್ಯರು ಸರಿ ಎಂದರೆ, ಗಟ್ಟಿ ಕುರ್ಚಿಯಿಂದ ಎದ್ದು ಕೂರುವುದರಿಂದ ಶುರು ಮಾಡಿ. ಮೊದಲ ದಿನ ಕೈ ಆಸರೆಯಲ್ಲಿ ಐದು ಸಲ ಸಾಕು. ಮನೆಯೊಳಗಿನ ನಡಿಗೆ ಅಂಗಳಕ್ಕೆ, ಅಂಗಳದ್ದು ಬೀದಿಯ ತುದಿಗೆ ಹೋಗಲಿ. ಮರುದಿನವೂ ಸುಸ್ತು ಇಳಿಯದಿದ್ದರೆ ನಿನ್ನೆ ಮಾಡಿದ್ದು ಹೆಚ್ಚಾಯಿತು ಎಂದು ತಿಳಿದು ಕಡಿಮೆ ಮಾಡಿ. ಎದೆನೋವು, ಕೆಮ್ಮಿನಲ್ಲಿ ರಕ್ತ ಬಂದರೆ ನಿಲ್ಲಿಸಿ ಆಸ್ಪತ್ರೆಗೆ ಹೋಗಿ.

ಅನೇಕ ಮನೆಗಳಲ್ಲಿ ಟಿಬಿ ಬಂದವರಿಗೆ ಬೇರೆ ತಟ್ಟೆ, ಬೇರೆ ಲೋಟ, ಮೂಲೆಯಲ್ಲಿ ಒಬ್ಬರೇ ಊಟ. ಶ್ವಾಸಕೋಶದ ಟಿಬಿ ಹರಡುವುದು ಕೆಮ್ಮಿದಾಗ ಗಾಳಿಯಿಂದ, ತಟ್ಟೆ-ಲೋಟದಿಂದಲ್ಲ. ಆರಂಭದ ವಾರಗಳಲ್ಲಿ ಮಾಸ್ಕ್, ತೆರೆದ ಕಿಟಕಿ ಇರಲಿ. ಒಬ್ಬರನ್ನೇ ಕೂರಿಸಿದರೆ ಮೊದಲೇ ಇಲ್ಲದ ಹಸಿವು ಇನ್ನೂ ಸಾಯುತ್ತದೆ.

ತಕ್ಕಡಿ ಹೇಳುವ ಸುದ್ದಿ

ಔಷಧಿಗೆ ಹೋದಾಗಲೆಲ್ಲ ತೂಕ ನೋಡಿಸಿ, ಬರೆದಿಡಿ. ಟಿಬಿ ಮಾತ್ರೆಗಳ ಸಂಖ್ಯೆಯೇ ತೂಕದ ಮೇಲೆ ನಿಂತಿದೆ. ದೊಡ್ಡವರಲ್ಲಿ 35ರಿಂದ 49 ಕೆಜಿಯವರಿಗೆ ದಿನಕ್ಕೆ ಮೂರು, 50ರಿಂದ 64 ಕೆಜಿಯವರಿಗೆ ನಾಲ್ಕು. ತೂಕ ಚೆನ್ನಾಗಿ ಏರಿದರೆ ಡೋಸ್ ಬದಲಿಸಬೇಕಾಗಬಹುದು, ಅದನ್ನು ನೀವಾಗಿಯೇ ಮಾಡಬೇಡಿ. ಒಂದು ತಿಂಗಳಾದರೂ ತೂಕ ಏರದಿದ್ದರೆ ಅಥವಾ ಇಳಿಯುತ್ತಲೇ ಇದ್ದರೆ ಊಟವನ್ನಷ್ಟೇ ದೂರಬೇಡಿ. ಮಾತ್ರೆ ತಪ್ಪುತ್ತಿರಬಹುದು, ವಾಂತಿಯಲ್ಲಿ ಹೋಗುತ್ತಿರಬಹುದು, ಶುಗರ್ ಇರಬಹುದು, ಕುಡಿತ ಇರಬಹುದು, ಔಷಧಿಗೆ ಬಗ್ಗದ ಟಿಬಿಯೂ ಆಗಿರಬಹುದು. ವೈದ್ಯರಿಗೆ ತಿಳಿಸಲೇಬೇಕಾದ ಸುದ್ದಿ ಅದು. ಹಾಗೆಯೇ, ತೂಕ ಬಂತು, ಮೈ ಗಟ್ಟಿಯಾಯಿತು ಎಂದು ಮಾತ್ರೆಯನ್ನು ನಡುವೆ ಬಿಡಬೇಡಿ.

ಆಹಾರಕ್ಕೆ ದುಡ್ಡೆಲ್ಲಿ ಎನ್ನುವವರಿಗೆ: ನಿಕ್ಷಯ್ ಪೋಷಣ್ ಯೋಜನೆಯಲ್ಲಿ ಚಿಕಿತ್ಸೆ ಮುಗಿಯುವವರೆಗೆ ರೋಗಿಯ ಬ್ಯಾಂಕ್ ಖಾತೆಗೆ ಹಣ ಬರುತ್ತದೆ. 2018ರಲ್ಲಿ ತಿಂಗಳಿಗೆ 500 ರೂಪಾಯಿಯಿಂದ ಶುರುವಾದದ್ದು 2024ರ ನವೆಂಬರ್‌ನಿಂದ 1,000 ಆಗಿದೆ. ಖಾಸಗಿ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆಯುವವರಿಗೂ ಇದು ಸಿಗುತ್ತದೆ, ಹೆಸರು ನಿಕ್ಷಯ್‌ನಲ್ಲಿ ನೋಂದಣಿ ಆಗಿರಬೇಕು ಅಷ್ಟೆ. ದಾನಿಗಳು ಕೊಡುವ ಆಹಾರದ ಕಿಟ್‌ಗೆ ‘ನಿಕ್ಷಯ್ ಮಿತ್ರ’ ಎಂಬ ವ್ಯವಸ್ಥೆ ಇದೆ. ಆಶಾ ಕಾರ್ಯಕರ್ತೆಯನ್ನೋ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರವನ್ನೋ ಕೇಳಿ, ಇಲ್ಲವೇ 1800-11-6666 ಸಂಖ್ಯೆಗೆ ಉಚಿತವಾಗಿ ಕರೆ ಮಾಡಿ.