ಹಲ್ಲು ಮತ್ತು ಸಿಮೆಂಟಿನ ನಡುವಿನ ಸಂದು: ದಂತ ತುಂಬುವಸ್ತುಗಳ ರಚನೆ ಹಾಗೂ ಗುಣ

‘ಹಲ್ಲಿಗೆ ಹಾಕಿದ ಸಿಮೆಂಟು ಬಿದ್ದುಹೋಯಿತು’ ಎಂಬುದು ದಂತವೈದ್ಯರ ಕಿವಿಗೆ ಹಳೆಯ ದೂರು. ಬಿದ್ದದ್ದು ಇಡಿಯಾಗಿಯೇ ಕೈಗೆ ಸಿಕ್ಕಿದ್ದರೆ ಸೋತದ್ದು ಸಿಮೆಂಟಲ್ಲ, ಹಲ್ಲಿನೊಡನೆ ಅದಕ್ಕಿದ್ದ ನಂಟು. ತುಂಬುವಸ್ತುಗಳ ಇನ್ನೂರು ವರ್ಷಗಳ ಚರಿತ್ರೆಯನ್ನು ಗಟ್ಟಿತನದ ಅಳತೆಗೋಲಿನಿಂದ ನೋಡುವುದು ವಾಡಿಕೆ. ಕೆಲವೇ ಮೈಕ್ರೊಮೀಟರ್ ಅಗಲದ ಸಂದಿನ ಕಡೆಯಿಂದ ನೋಡಿದರೆ ಅದು ಇನ್ನಷ್ಟು ಸ್ಪಷ್ಟವಾಗುತ್ತದೆ.

ಹಲ್ಲೇ ಒಂದು ವಸ್ತುವಲ್ಲ, ಎರಡು. ಹೊರಗಿನ ಎನಾಮೆಲ್ ತೂಕದಲ್ಲಿ ಶೇ 96ರಷ್ಟು ಖನಿಜ. ಹೈಡ್ರಾಕ್ಸಿಅಪಟೈಟ್ ಹರಳುಗಳು ಕಟ್ಟುಕಟ್ಟಾಗಿ ನಿಂತಿರುತ್ತವೆ. ಒಳಗಿನ ಡೆಂಟಿನ್‌ನಲ್ಲಿ ಖನಿಜ ಸುಮಾರು ಶೇ 70 ಮಾತ್ರ, ಮಿಕ್ಕದ್ದು ಬಹುಪಾಲು ಕೊಲಾಜನ್ ಮತ್ತು ನೀರು. ಮೊದಲನೆಯದು ಬಿರುಸು, ಎರಡನೆಯದು ತುಸು ಬಾಗಬಲ್ಲದು. ತಾಪ ಒಂದು ಡಿಗ್ರಿ ಏರಿದರೆ ಎನಾಮೆಲ್ ತನ್ನ ಉದ್ದದ ದಶಲಕ್ಷದಲ್ಲಿ 11 ಪಾಲಿನಷ್ಟು ಹಿಗ್ಗುತ್ತದೆ. ಪಾದರಸದ ಮಿಶ್ರಲೋಹವಾದ ಅಮಾಲ್ಗಮ್ ಹಿಗ್ಗುವುದು ಸುಮಾರು 25 ಪಾಲು, ಎರಡನೇ ಮಹಾಯುದ್ಧದ ಆಸುಪಾಸಿನಲ್ಲಿ ಬಂದ ಅಕ್ರಿಲಿಕ್ 80ರ ಹತ್ತಿರ. ಬಿಸಿ ಕಾಫಿ ಕುಡಿದು ಮೇಲೊಂದು ಲೋಟ ತಣ್ಣೀರು ಕುಡಿದವರ ಹಲ್ಲಿನ ಅಂಚಿನಲ್ಲಿ ಏನು ನಡೆಯುತ್ತದೆಂದು ಈ ಮೂರು ಅಂಕಿಗಳೇ ಹೇಳುತ್ತವೆ.

ಅಮಾಲ್ಗಮ್ಮನ್ನು ಪ್ಯಾರಿಸ್‌ನಲ್ಲಿ 1826ರಲ್ಲಿ ಬಳಕೆಗೆ ತಂದವನು ಓಗುಸ್ತ್ ತಾವೋ. ಅದನ್ನು ನೆಚ್ಚಬಹುದಾದ ವಸ್ತುವಾಗಿಸಿದ್ದು ಅಮೆರಿಕದ ಜಿ.ವಿ. ಬ್ಲ್ಯಾಕ್. ಬೆಳ್ಳಿ-ತವರಗಳ ಪಾಕವನ್ನು 1890ರ ದಶಕದಲ್ಲಿ ಹದಕ್ಕೆ ತಂದು, ಗಟ್ಟಿಯಾಗುವಾಗ ಅದು ಅತಿಯಾಗಿ ಹಿಗ್ಗದಂತೆ, ಕುಗ್ಗದಂತೆ ಮಾಡಿದರು. ಆದರೂ ಹಲ್ಲಿಗೆ ಅಂಟುವ ಗುಣ ಅದಕ್ಕಿಲ್ಲ. ಹಾಗಾಗಿ ಕುಳಿಯನ್ನು ಬಾಯಿ ಕಿರಿದು, ಹೊಟ್ಟೆ ಅಗಲವಾಗಿ ಮಡಕೆಯ ಹಾಗೆ ಕೊರೆಯಬೇಕಿತ್ತು. ಹುಳುಕಿನ ಜೊತೆ ಒಳ್ಳೆಯ ಹಲ್ಲೂ ಹೋಗುತ್ತಿತ್ತು.

ಅದರ ಒಳರಚನೆಯಲ್ಲೂ ಒಂದು ಹುಳುಕಿತ್ತು. ಬೆಳ್ಳಿ-ತವರದ ಪುಡಿ ಪಾದರಸದೊಡನೆ ಬೆರೆತಾಗ ಬೆಳ್ಳಿ-ಪಾದರಸದ ಗಟ್ಟಿ ಹರಳುಗಳ ಜೊತೆಗೆ ‘ಗಾಮಾ-2’ ಎಂಬ ತವರ-ಪಾದರಸದ ಮೆತ್ತನೆಯ ಪ್ರಾವಸ್ಥೆಯೂ ಹುಟ್ಟುತ್ತದೆ. ಎಂಜಲಿನಲ್ಲಿ ಮೊದಲು ಕೊರೆದುಹೋಗುವುದು ಇದೇ; ಅಂಚು ಮುಕ್ಕಾಗುವುದೂ ಇದರಿಂದಲೇ. 1963ರಲ್ಲಿ ಕೆನಡಾದ ಇನ್ನೆಸ್ ಮತ್ತು ಯೂಡೆಲಿಸ್ ಬೆಳ್ಳಿ-ತಾಮ್ರದ ಗುಂಡು ಕಣಗಳನ್ನು ಸೇರಿಸಿದರು. ತಾಮ್ರವು ತವರವನ್ನು ತನ್ನತ್ತ ಸೆಳೆದುಕೊಂಡಿತು, ಗಾಮಾ-2 ಬಹುಮಟ್ಟಿಗೆ ಮಾಯವಾಯಿತು. ಇಲ್ಲಿ ಒಂದು ತಮಾಷೆಯಿದೆ: ಹಳೆಯ ಅಮಾಲ್ಗಮ್ ತುಕ್ಕು ಹಿಡಿದೇ ತನ್ನ ಸಂದನ್ನು ತಾನು ಮುಚ್ಚಿಕೊಳ್ಳುತ್ತಿತ್ತು. ತುಕ್ಕು ಕಡಿಮೆಯಾದ ಹೊಸದರಲ್ಲಿ ಆ ಮುಚ್ಚಿಕೆಯೂ ನಿಧಾನವಾಯಿತು. ಕೊನೆಗೆ ಅಮಾಲ್ಗಮ್ ಹಿಂದೆ ಸರಿಯುತ್ತಿರುವುದು ಈ ಕಾರಣಕ್ಕಲ್ಲ, ಪಾದರಸದ ದೆಸೆಯಿಂದ. 2025ರ ಜನವರಿಯಿಂದ ಯುರೋಪಿಯನ್ ಒಕ್ಕೂಟ ಅದನ್ನು, ವೈದ್ಯಕೀಯ ಅಗತ್ಯದ ವಿನಾಯಿತಿ ಬಿಟ್ಟು, ನಿಲ್ಲಿಸಿದೆ.

ಅಂಟಿಸುವ ಉಪಾಯ ಬಂದದ್ದು ಬಣ್ಣದ ಉದ್ಯಮದಿಂದ. ಲೋಹಕ್ಕೆ ಬಣ್ಣ ಹಿಡಿಯಲೆಂದು ಮೊದಲು ಫಾಸ್ಫಾರಿಕ್ ಆಮ್ಲ ಸವರುವುದನ್ನು ಬಲ್ಲ ಮೈಕೆಲ್ ಬ್ಯುನೊಕೋರ್, 1955ರಲ್ಲಿ ಶೇ 85ರ ಆಮ್ಲವನ್ನು ಎನಾಮೆಲ್ ಮೇಲೆ 30 ಸೆಕೆಂಡು ಬಿಟ್ಟು ತೊಳೆದರು. ಹರಳುಗಳ ತುದಿ ಕರಗಿ ಮೇಲ್ಮೈ ಒರಟಾಯಿತು, ಆ ರಂಧ್ರಗಳಿಗೆ ಇಳಿದ ರಾಳ ಬೇರು ಬಿಟ್ಟಿತು. ಇಂದು ಬಳಸುವ ಆಮ್ಲ ಶೇ 35ರಿಂದ 37ರದು. ಮಡಕೆಯಾಕಾರದ ಕುಳಿಯ ಹಂಗು ತಪ್ಪಿದ್ದು ಇಲ್ಲಿಂದ. ಪ್ರಸ್ತುತ ಲೇಖಕನ ದೃಷ್ಟಿಯಲ್ಲಿ ಈ ಕ್ಷೇತ್ರದ ಯಾವ ಹೊಸ ವಸ್ತುವಿಗಿಂತಲೂ ಈ ಅರ್ಧ ನಿಮಿಷದ ತೊಳೆತವೇ ದೊಡ್ಡದು.

ಆ ಬೇರಿಗೆ ತಕ್ಕ ಮೈಯನ್ನು ಕೊಟ್ಟವರು ರಾಫೆಲ್ ಬೋವೆನ್. 1962ರಲ್ಲಿ ಪೇಟೆಂಟ್ ಪಡೆದ ಅವರ ಬಿಸ್-ಜಿಎಂಎ ರಾಳದಲ್ಲಿ ಅಣುಗಳು ದೊಡ್ಡವು, ಹಾಗಾಗಿ ಕುಗ್ಗುವಿಕೆ ಕಡಿಮೆ. ಜೊತೆಗೆ ಸಿಲೇನ್ ಲೇಪಿಸಿದ ಸಿಲಿಕಾ ಪುಡಿ. ಇದೇ ಇಂದಿನ ‘ಹಲ್ಲಿನ ಬಣ್ಣದ’ ಕಾಂಪೊಸಿಟ್. ಆದರೂ ನೀಲಿ ಬೆಳಕಿನಲ್ಲಿ ಗಟ್ಟಿಯಾಗುವಾಗ ಅದು ಗಾತ್ರದಲ್ಲಿ ಶೇ 2-3ರಷ್ಟು ಕುಗ್ಗಿ ಗೋಡೆಯನ್ನು ಒಳಗೆಳೆಯುತ್ತದೆ. ವೈದ್ಯರು ಅದನ್ನು 2 ಮಿಲಿಮೀಟರಿನ ಪದರಗಳಾಗಿ ತುಂಬುವುದಕ್ಕೆ ಬೆಳಕು ಆಳಕ್ಕಿಳಿಯದಿರುವುದು ಒಂದು ಕಾರಣ, ಈ ಎಳೆತ ಇನ್ನೊಂದು. ಲಂಡನ್ನಿನ ವಿಲ್ಸನ್ ಮತ್ತು ಕೆಂಟ್ 1970ರ ಹೊತ್ತಿಗೆ ರೂಪಿಸಿದ ಗ್ಲಾಸ್ ಅಯಾನೊಮರ್ ಹಲ್ಲಿನ ಕ್ಯಾಲ್ಸಿಯಂ ಜೊತೆ ನೇರವಾಗಿ ಬೆಸೆಯುತ್ತದೆ, ಹಿಗ್ಗುವುದೂ ಹೆಚ್ಚುಕಡಿಮೆ ಹಲ್ಲಿನಷ್ಟೇ. ಅಗಿಯುವ ಬಲಕ್ಕೆ ಮಾತ್ರ ಸೋಲುತ್ತದೆ.

ಈ ಲೆಕ್ಕವೆಲ್ಲ ಸಾಮಾನ್ಯ ಎನಾಮೆಲ್‌ಗೆ ಸಂದದ್ದು. ಪಾವಗಡ, ಬಾಗೇಪಲ್ಲಿ ಕಡೆಯ ಕೊಳವೆಬಾವಿಗಳ ಫ್ಲೋರೈಡ್ ನೀರು ಕುಡಿದು ಬೆಳೆದವರ ಕಂದುಗಲೆಯ ಹಲ್ಲಿನಲ್ಲಿ ಮೇಲ್ಪದರ ಆಮ್ಲಕ್ಕೆ ಸುಲಭವಾಗಿ ಜಗ್ಗದು. ಅದರ ಕೆಳಗೆ ಖನಿಜ ಕಡಿಮೆಯಾದ ರಂಧ್ರಮಯ ಪದರವಿರುತ್ತದೆ. ಅಲ್ಲಿ ಮೇಲ್ಮೈಯನ್ನು ತುಸು ಉಜ್ಜಿ ತೆಗೆದೋ ಆಮ್ಲವನ್ನು ಹೆಚ್ಚು ಹೊತ್ತು ಬಿಟ್ಟೋ ರಾಳಕ್ಕೆ ದಾರಿ ಮಾಡಿಕೊಡಬೇಕಾಗುತ್ತದೆ.